ತಾಗದ ಏಟು

ತೆಬಾನ್ ಬಾಗಿಲಲ್ಲೇ ನಿಂತು ಪೇಪರನ್ನು ಒಳಕ್ಕೆ ಎಸೆದ. ಅದು ಗೋರ್ಯೊನ ಲೋಟಕ್ಕೆ ಬಡಿದು ಅರ್ಧ ಕಾಫಿ ಚೆಲ್ಲಿತು.

"ಓದು ಪಾರೆ, ಓದು. ವಿಮರ್ಶಕರಿಗೆಲ್ಲ ನೀನೇ ಬೇಕಂತೆ. 'ಈ ಸಾಕ್ಷ್ಯಚಿತ್ರದಲ್ಲಿ ನಿಜ ಹೇಳಿದವನು ಈ ಮುದಿ ಖಳನಟ ಒಬ್ಬನೇ. ಬಲ್ತಾವೊನ ಬಂಡವಾಳ ಬಯಲಾಗಿದೆ.' ನಾಲ್ಕು ಸ್ಟಾರ್ ಬೇರೆ ಕೊಟ್ಟಿದ್ದಾರೆ!"

ತೀರಿಹೋದ ಹೀರೋ ಬಲ್ತಾವೊನ ಮೇಲೆ ತೆಗೆದ ಆ ಚಿತ್ರದಲ್ಲಿ ಗೋರ್ಯೊ ಕ್ಯಾಮೆರಾ ಮುಂದೆ ಹೇಳಿದ್ದು ಇಷ್ಟೇ. ಅರವತ್ತು ಸಿನಿಮಾಗಳಲ್ಲಿ ಲಿಯಾಂದ್ರೊ ಬಲ್ತಾವೊನ ಕೈಯಲ್ಲಿ ಸತ್ತಿದ್ದೇನೆ, ಒಂದೇ ಒಂದು ಏಟೂ ನನಗೆ ತಾಗಿಲ್ಲ. ಫೈಟರುಗಳ ಬಾಯಲ್ಲಿ ಇದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ. ಬೇರೆ ಹೀರೋಗಳು ಹಲ್ಲು ಉದುರಿಸಿ, ಸಾರಿ ಹೇಳಿ, ಕಾರು ಹತ್ತುತ್ತಿದ್ದರು. ಬಲ್ತಾವೊನ ಮುಷ್ಟಿ ಮಾತ್ರ ದವಡೆಗೆ ಇನ್ನೊಂದು ಬೆರಳಿನಷ್ಟು ದೂರ ಇರುವಾಗಲೇ ನಿಲ್ಲುತ್ತಿತ್ತು. ಪೇಪರಿನವರಿಗೆ ಅದರಲ್ಲಿ ಬಲ್ತಾವೊನ ಮೋಸ ಕಂಡಿತು. ಹೊಗಳುಭಟರ ಸಿನಿಮಾ ನೋಡಿ ನೋಡಿ ಬೇಸತ್ತಿದ್ದರೋ ಏನೋ, ಪಾಪ. ಅವನೂರು ತೊಂಡೊದ ಓಣಿಗಳಿಗೆ ಗೋರ್ಯೊನ ಮಾತಿನಲ್ಲಿ ದ್ರೋಹ ಕಂಡಿತು.

"ಹಾಗಾದ್ರೆ ನಮ್ಮಣ್ಣ ಡೂಪಾ? ನಲವತ್ತು ವರ್ಷ ನಾವು ಚಪ್ಪಾಳೆ ಹೊಡೆದಿದ್ದು ಗಾಳಿಗಾ?"

ತನ್ನ ಕ್ಷೌರದಂಗಡಿಯಲ್ಲಿ ಬಾಲ ಯೇಸುವಿನ ಪಕ್ಕಕ್ಕೇ ಬಲ್ತಾವೊನ ಫೋಟೊ ಇಟ್ಟು ಮೇಣದ ಬತ್ತಿ ಹಚ್ಚುವವನು ತೆಬಾನ್. ಅಭಿಮಾನಿ ಸಂಘದ ಅಧ್ಯಕ್ಷ. ಗೋರ್ಯೊನ ಮಗಳಿಗೆ ಚರ್ಚಿನಲ್ಲಿ ಧರ್ಮಪಿತನಾಗಿ ನಿಂತ ದಿನದಿಂದ ಇಬ್ಬರೂ ಒಬ್ಬರಿಗೊಬ್ಬರು 'ಪಾರೆ'.

"ಪೂರ್ತಿ ಕೇಳೋ ಪಾರೆ, ನಾನು ಹೇಳಿದ್ದು ಏನಂದ್ರೆ..."

"ನಾಳೆ ಅಣ್ಣನ ಹುಟ್ಟುಹಬ್ಬ. ಬರೋದಾದ್ರೆ ಬಾ. ಬರದೇ ಇದ್ರೂ ಯಾರೂ ಹುಡುಕಲ್ಲ."

ತೆಬಾನ್ ಹೋದ ಮೇಲೆ ಗೋರ್ಯೊನ ಕಾಲು ನಿಂತಲ್ಲಿ ನಿಲ್ಲಲಿಲ್ಲ. ಬಾಗಿಲಿಗೆ ಹೋದ, ಕಿಟಕಿಗೆ ಬಂದ, ಪೇಪರು ಎತ್ತಿಕೊಂಡ, ಓದದೆ ಇಟ್ಟ. ಸತ್ತ ನಾಯಕನ ಹುಟ್ಟುಹಬ್ಬಕ್ಕೆ ಪ್ರತಿ ವರ್ಷ ಬಾಸ್ಕೆಟ್‌ಬಾಲ್ ಅಂಗಳದಲ್ಲಿ ನೂಡಲ್ಸ್ ಊಟ, ಊಟವಾದ ಮೇಲೆ ಹೊಡೆದಾಟದ ಆಟ. ಚರ್ಮದ ಜಾಕೆಟ್ಟು ತೊಟ್ಟು ತೆಬಾನ್ ಬಲ್ತಾವೊ ಆಗುತ್ತಾನೆ, ಗೋರ್ಯೊ ಏಟು ತಿಂದು ಸಾಯುತ್ತಾನೆ. ಎಪ್ಪತ್ತೆರಡರ ಈ ಮುದುಕನನ್ನು ಊರು ನೆನೆಯುವುದು ಆ ಒಂದು ದಿನ. ಅದು ಹೋದರೂ ಹೋಗಲಿ, ಪಾರೆ ಕೈಬಿಟ್ಟರೆ ಗತಿಯೇನು ಎಂಬುದೇ ಅವನ ಸಂಕಟ.

"ಒಂದು ಕಡೆ ಕೂತ್ಕೊಳ್ರೀ," ಎಂದಳು ಹೆಂಡತಿ ಚಾಯೋಂಗ್, ಬಟ್ಟೆ ಮಡಿಸುತ್ತಾ. "ಅರವತ್ತು ಸಲ ಸತ್ತೋರಿಗೆ ಇನ್ನೊಂದು ಸಲಕ್ಕೆ ಇಷ್ಟೊಂದು ಒದ್ದಾಟವಾ?"

"ಹೋಗ್ಲಾ, ಬೇಡ್ವಾ?"

"ಹೋಗಿ. ಇಲ್ದಿದ್ರೆ ಮನೇಲಿ ಕೂತು ನನ್ನ ಪ್ರಾಣ ತಿಂತೀರಿ."

ಮರುದಿನ ಅಂಗಳದಲ್ಲಿ ಗೋರ್ಯೊನ ಕೈಗೆ ಯಾರೂ ತಟ್ಟೆ ಕೊಡಲಿಲ್ಲ. ಊಟ ಮುಗಿಯುವವರೆಗೂ ಅವನು ಕಂಬದ ಬಳಿ ಅತ್ತಿತ್ತ ತಿರುಗುತ್ತಿದ್ದ. ಆಟಕ್ಕೆ ಕರೆದಾಗ ಜೀವ ಬಂದಂತಾಗಿ ನಡುವೆ ಹೋಗಿ ನಿಂತ. "ಬಲಗೈ ಬೀಸು ಪಾರೆ, ನಾನು ಎಡಕ್ಕೆ ಬೀಳ್ತೀನಿ," ಎಂದು ಎಂದಿನಂತೆ ಪಿಸುಗುಟ್ಟಿದ.

ತೆಬಾನ್ ಬಲಗೈ ಬೀಸಿದ. ಮುಷ್ಟಿ ಎಲ್ಲೂ ನಿಲ್ಲಲಿಲ್ಲ.

ಗೋರ್ಯೊ ಬೀಳುವ ವರಸೆಯನ್ನೇ ಮರೆತವನಂತೆ ಅಡ್ಡಾದಿಡ್ಡಿ ಸಿಮೆಂಟಿನ ಮೇಲೆ ಬಿದ್ದ. ಇಡೀ ಅಂಗಳ ಎದ್ದು ನಿಂತು ಚಪ್ಪಾಳೆ ತಟ್ಟಿತು. ಅಷ್ಟು ಜೋರು ಚಪ್ಪಾಳೆ ಅಲ್ಲಿ ಹಿಂದೆಂದೂ ಬಿದ್ದಿರಲಿಲ್ಲ. "ಈಗ ಹೇಳಪ್ಪಾ ತಾಗಿಲ್ಲ ಅಂತ!" ಎಂದು ಯಾರೋ ಕೂಗಿದರು.

ತೆಬಾನ್ ಮಾತ್ರ ಅಲುಗಾಡದೆ ನಿಂತಿದ್ದ. ಅವನ ಬೆರಳಿನ ಗೆಣ್ಣುಗಳು ಬಾತುಕೊಳ್ಳುತ್ತಿದ್ದವು, ಮುಖ ಬಿಳಿಚಿತ್ತು. ಗೋರ್ಯೊ ಬಾಯಲ್ಲಿ ತುಂಬಿದ ರಕ್ತವನ್ನು ಪಕ್ಕಕ್ಕೆ ಉಗಿದ. ಮೊಣಕೈ ಊರಿ ಎದ್ದು, ಆ ಮುಷ್ಟಿಯನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡು ಒಂದೊಂದೇ ಬೆರಳನ್ನು ಮೆಲ್ಲಗೆ ಬಿಡಿಸಿ ನೋಡಿದ.

"ಕೈಗೆ ತುಂಬಾ ಪೆಟ್ಟಾಯ್ತಾ ಪಾರೆ?"