ಒಂದೇ ಸಲ

ಡೈರಿಗೆ ಕೂಡ ಅವಳು ಸುಳ್ಳು ಹೇಳಿದ್ದಳು. ಹೋದ ತಿಂಗಳ ಆ ಮಂಗಳವಾರದ ಪುಟದಲ್ಲಿ ‘ಕೆಲಸದಲ್ಲಿ ಜಾರಿ ಬಿದ್ದೆ’ ಎಂದಷ್ಟೇ ಬರೆದು ಮುಚ್ಚಿಟ್ಟಿದ್ದಳು. ಜಾರುವುದಕ್ಕೆ ನೆಲ ಒದ್ದೆಯಾಗಿರಲೇ ಇಲ್ಲ. ಎಚ್ಚರವಾದಾಗ ನಾಲಿಗೆಯ ಅಂಚು ಹರಿದು ಬಾಯೆಲ್ಲ ರಕ್ತದ ರುಚಿ. ಶಿಶುಪಾಲನಾ ಕೇಂದ್ರದಲ್ಲಿ ಅದು ಕೂಸುಗಳನ್ನು ಮಲಗಿಸುವ ಹೊತ್ತು. ಮಾತು ಬರುವವರು ಯಾರೂ ನೋಡಿರಲಿಲ್ಲ.

ಮೊನ್ನೆ ಮಾತ್ರ ಅಮ್ಮನ ಕಣ್ಣೆದುರೇ, ಅಡುಗೆಮನೆಯಲ್ಲಿ, ಕೈಕಾಲು ಸೆಟೆದುಕೊಂಡು ಬಿದ್ದಿದ್ದಳು. ಈಗ ಇಬ್ಬರೂ ಡಾಕ್ಟರಮ್ಮನ ಮುಂದೆ ಕೂತಿದ್ದರು.

“ಹಿಂದೆ ಯಾವತ್ತಾದ್ರೂ ಹೀಗಾಗಿತ್ತಾ?”

“ಅಯ್ಯೋ, ಇದೇ ಮೊದಲು ಡಾಕ್ಟ್ರೇ,” ಅಮ್ಮ ಬಾಯಿ ಹಾಕಿದಳು. “ನನ್ನ ತವರಲ್ಲಿ ಯಾರಿಗೂ ಇಂಥದ್ದಿಲ್ಲ. ಇವರಪ್ಪನ ಕಡೆಯೋರದ್ದು ಕೇಳ್ಬೇಡಿ, ಅವರಿಗೆ ಎದ್ದು ಕೂತಿದ್ದಾಗಲೂ ಎಚ್ಚರ ಇರಲ್ಲ!”

“ನಾನು ಕೇಳಿದ್ದು ಮಗಳನ್ನ.”

ಅವಳು ತಲೆ ಅಲ್ಲಾಡಿಸಿದಳು. ಅದು ಹೌದೆಂದೋ ಇಲ್ಲವೆಂದೋ ಅವಳಿಗೇ ತಿಳಿಯಲಿಲ್ಲ. ಡಾಕ್ಟರಮ್ಮ ಇಲ್ಲವೆಂದೇ ಬರೆದುಕೊಂಡರು.

“ಜ್ವರ ಇರ್ಲಿಲ್ಲ, ಸಕ್ಕರೆ ಸರಿಯಾಗಿದೆ, ತಲೆಯ ಸ್ಕ್ಯಾನೂ ಚೆನ್ನಾಗಿದೆ. ಒಂದೇ ಸಲ ಫಿಟ್ಸ್ ಬಂದಿದ್ದಕ್ಕೆ ಮೂರ್ಛೆರೋಗ ಅನ್ನೋಕಾಗಲ್ಲ. ಕಾರಣ ಇಲ್ಲದೆ, ಒಂದು ದಿನಕ್ಕಿಂತ ಹೆಚ್ಚು ಅಂತರದಲ್ಲಿ ಎರಡು ಸಲ ಬಂದಿರ್ಬೇಕು. ಇಲ್ಲಾಂದ್ರೆ, ಮತ್ತೆ ಬರೋ ಲಕ್ಷಣ ಪರೀಕ್ಷೆಯಲ್ಲಿ ಬಲವಾಗಿ ಕಾಣ್ಬೇಕು. ನಿನಗೆ ಎರಡೂ ಇಲ್ಲ. ಸದ್ಯಕ್ಕೆ ಮಾತ್ರೆ ಬೇಡ.”

“ಅಬ್ಬಾ, ಬದುಕಿದೆ!” ಅಮ್ಮ ಎದೆ ನೀವಿಕೊಂಡಳು. “ಆ ಹೆಸರು ಅಂಟಿದ್ರೆ ಇವಳನ್ನ ಕೆಲಸದಲ್ಲಿ ಇಟ್ಕೋತಿದ್ರಾ? ಡಿಗ್ರಿ ಮುಗಿಸಿ ಎರಡು ವರ್ಷ ಅಲೆದು ಸಿಕ್ಕಿದ್ದು. ಒಂದು ಚೀಟಿ ಬರ್ದುಕೊಡಿ, ಕೇಂದ್ರದ ಮೇಡಂ ಕೇಳ್ತಾರೆ.”

ಡಾಕ್ಟರಮ್ಮ ಪೆನ್ನು ತೆಗೆದರು. ‘ಕೆಲಸಕ್ಕೆ ಹೋಗಲು’ ಎಂಬಲ್ಲಿಯವರೆಗೆ ಅಕ್ಷರಗಳು ತಲೆಕೆಳಗಾಗಿ ಅವಳಿಗೆ ಕಂಡವು. ಸೋಮವಾರದಿಂದ ಸ್ನಾನದ ಕೋಣೆಯ ಸರದಿ ಅವಳದು. ನೀಲಿ ತೊಟ್ಟಿ, ಮೊಣಕೈ ಮುಳುಗುವಷ್ಟು ನೀರು, ಸೋಪಿನ ನೊರೆಯಲ್ಲಿ ಕೈಗೇ ಸಿಗದ ಎಂಟು ತಿಂಗಳ ಮೈ. ಬಾಗಿಲು ಹಾಕಿಕೊಂಡರೆ ಒಳಗೆ ಅವಳೊಬ್ಬಳೇ.

ಚೀಟಿ ಮೇಜಿನ ಈಚೆಗೆ ಸರಿಯಿತು. ಅಮ್ಮ ಮೊಣಕೈಯಿಂದ ತಿವಿದಳು. “ಗುಮ್ಮನ ಹಾಗೆ ಕೂತಿದ್ದೀಯಲ್ಲೇ, ತಗೋ.”

ಅವಳು ಎರಡು ಬೆರಳಿನಿಂದ ಅದನ್ನು ಡಾಕ್ಟರಮ್ಮನ ಕಡೆಗೇ ತಳ್ಳಿದಳು.

“ಹೋದ ತಿಂಗಳೂ ಬಿದ್ದಿದ್ದೆ, ಡಾಕ್ಟ್ರೇ,” ಎಂದಳು. “ನನ್ನ ಕೈಲಿ ಕೂಸಿತ್ತು. ಕೆಳಗೆ ಹಾಸಿಗೆ ಇತ್ತು, ಅಷ್ಟೇ.”