ಕೌದಿಯೊಳಗಿನ ಸೀಟಿ

ಸಂಗೀತ ಕಾಲೇಜಿಗೆ ಹಾಡು ಕಳಿಸಲು ಆ ಸಂಜೆಯೇ ಕೊನೆ. ಆದರೆ ನೀಲಾಂಬಿಕಾ ಎಷ್ಟು ಸಲ ಹಾಡಿದರೂ ರೆಕಾರ್ಡಿಂಗಿನಲ್ಲಿ ಬಸ್ಸಿನ ಸೀಟಿ ಕೇಳುತ್ತಿತ್ತು. ಫ್ಯಾನ್ ಆರಿಸಿದಳು, ಮೈಕಿನ ವೈರ್ ಬದಲಿಸಿದಳು, ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತಳು. ಕೊನೆಗೆ, ಬೀದಿಯ ಗದ್ದಲ ತಡೆಯಲೆಂದು ಗೋಡೆಗೆ ಕಟ್ಟಿದ್ದ ಕೌದಿಯ ಹತ್ತಿರ ಮೈಕ್ ಹಿಡಿದಳು. ಸೀಟಿ ಅಲ್ಲೇ ಇತ್ತು. ತೀರಿಹೋದ ಅಪ್ಪನ ಕಂಡಕ್ಟರ್ ಅಂಗಿಗಳನ್ನು ತೊಳೆಯದೆ ಹಾಗೇ ಕತ್ತರಿಸಿ ಅವ್ವ ಹೊಲಿದ ಕೌದಿ ಅದು.

ತೊಟ್ಟವರ ದನಿ ಬಟ್ಟೆಯಲ್ಲಿ ಉಳಿಯುವುದು, ಅದು ಮೈಕಿಗಷ್ಟೇ ಸಿಗುವುದು ಆ ಊರಲ್ಲಿ ಯಾರಿಗೂ ಹೊಸದಲ್ಲ. ಸಾಬೂನು ನೀರಿಗೆ ಹಾಕಿದರೆ ಬೆವರಿನ ಹಾಗೆ ಅದೂ ಹೋಗುತ್ತದೆ.

“ಇದ್ದಾಗೂ ಬಾಯಿ ಮುಚ್ಚಲಿಲ್ಲ, ಈಗೂ ಅಡ್ಡ! ಕೊಡವಾ, ತೊಳೀತೀನಿ,” ಎಂದು ಅವ್ವ ನೊರೆಯ ಬಕೆಟ್ ತಂದಿಟ್ಟಳು.

“ಒಮ್ಮೆ ಕೇಳಬೇ,” ಎಂದು ನೀಲಾಂಬಿಕಾ ಹೆಡ್‌ಫೋನನ್ನು ಅವಳ ಕಿವಿಗಿಟ್ಟಳು.

ಅವ್ವ ಚಾಪೆಯ ಮೇಲೆ ಕೂತು ಕಣ್ಣು ಮುಚ್ಚಿದಳು. ಅಪ್ಪನ ದನಿ ಹೆಡ್‌ಫೋನಿನ ಹೊರಗೂ ಸಣ್ಣಗೆ ಕೇಳಿಸಿತು: “ಯಕ್ಕಾ, ಚೂರು ಸರೀರಿ, ಕುಂದರಾಕ ಜಾಗಾ ಕೊಡ್ರಿ.”

ಅವ್ವ ಸರಿದು ಕೂತಳು.

ಸಂಜೆ ಕಳೆಯಿತು, ಬಕೆಟ್ಟಿನ ನೊರೆ ಇಂಗಿತು. ಖಾಲಿಯಾದ ಆ ಅರ್ಧ ಚಾಪೆಯ ಮೇಲೆ ಇಬ್ಬರೂ ಕಾಲು ಚಾಚಲಿಲ್ಲ.