ಕೊನೆಯವನು ನಿಧಾನ ಬರಲಿ

ಗೇಟಿನಲ್ಲಿ ಮುದುಕಿಯ ಸ್ಟವ್ ಕಿತ್ತುಕೊಂಡರು. ಚೀಟಿ ಕೊಡಲಿಲ್ಲ.

“ಬೆಟ್ಟದ ಮೇಲೆ ಬೆಂಕಿ ಹಚ್ಚೋ ಹಾಗಿಲ್ಲ,” ಎಂದ ಕಂಪನಿಯ ಕಾವಲುಗಾರ. ಡೇರೆಯ ಗೂಟಗಳನ್ನೂ ತೆಗೆದಿಟ್ಟುಕೊಂಡ. ಬಾವುಟದ ಕೋಲನ್ನೂ. ಮುದುಕಿಯ ಮಗ ಟೈಲರ್. ಪ್ರತಿಯೊಂದಕ್ಕೂ “ಆಗ್ಲಿ ಸಾರ್” ಎಂದ. ಗಿರಾಕಿಗಳ ಮುಂದೆ ಟೇಪು ಹಿಡಿದು ಬಗ್ಗಿ ಬಗ್ಗಿ ಅವನ ಬೆನ್ನಿಗೆ ಬೇರೆ ಭಾಷೆ ಮರೆತುಹೋಗಿತ್ತು.

ಬಿಸಿಲೇರುವ ಹೊತ್ತಿಗೆ ಇಬ್ಬರೂ ಏಳನೇ ತಿರುವಿಗೆ ಬಂದರು. ಸೈಕಲ್ ಓಟ ಮಧ್ಯಾಹ್ನಕ್ಕೆ. ರಸ್ತೆಬದಿಗೆ ಕಟ್ಟಿದ ಹಗ್ಗದುದ್ದಕ್ಕೂ ಆಗಲೇ ಜನ. ಯಾರೋ ಮೊಣಕಾಲೂರಿ ಡಾಂಬರಿನ ಮೇಲೆ ತಮ್ಮ ನೆಚ್ಚಿನ ಸವಾರನ ಹೆಸರನ್ನು ಬಿಳಿ ಬಣ್ಣದಲ್ಲಿ ಬರೆಯುತ್ತಿದ್ದರು. ತಿರುವಿನ ಹೊರ ಅಂಚಿನ ಜಲ್ಲಿಯ ಮೇಲೆ ಒಬ್ಬ ದಂತವೈದ್ಯ ಕೊಡೆ ನೆಟ್ಟು ಕೂತಿದ್ದ. ಓಟದಲ್ಲಿ ಮುಂದಿರುವ ಸವಾರ ತೊಡುವಂಥ ಹಳದಿ ಅಂಗಿ ಅವನ ಹೊಟ್ಟೆಯ ಮೇಲೆ ಪಾಡುಪಡುತ್ತಿತ್ತು.

“ಸಾರ್, ಒಂದು ನಾಲ್ಕು ಮೊಳ ಆ ಕಡೆ ಸರೀತೀರಾ?”

“ಇಡೀ ಬೆಟ್ಟ ಖಾಲಿ ಬಿದ್ದಿದೆಯಲ್ರೀ.”

“ಅಮ್ಮನಿಗೆ ಇಲ್ಲೇ ಆಗಬೇಕು.”

ದಂತವೈದ್ಯ ನಕ್ಕು ಸರಿದ. ಅಭಿಮಾನಿಗಳ ಹಟ ಅವನಿಗೆ ಹೊಸದಲ್ಲ. ಮುದುಕಿ ಒಂದು ಪೊದೆಯ ರೆಂಬೆ ಮುರಿದು ಆ ಜಾಗವನ್ನು ಗುಡಿಸಿದಳು. ಕುರ್ಚಿ ಹಾಕಿಸಿಕೊಂಡು, ರಸ್ತೆಗೆ ಬೆನ್ನು ಮಾಡಿ, ಕಣಿವೆಯ ಕಡೆ ಮುಖ ಮಾಡಿ ಕೂತಳು.

“ಅಜ್ಜಿ, ಓಟ ಈ ಕಡೆ.”

“ಬಂದಾಗ ತಿರುಗ್ತೀನಿ ಬಿಡಪ್ಪ. ನಿನ್ನ ಕೊಡೆ ಮಡಚಿಡು. ಹನ್ನೆರಡಕ್ಕೆ ಕೆಳಗಿಂದ ಗಾಳಿ ಏಳುತ್ತೆ.”

ಹನ್ನೆರಡಕ್ಕೆ ಗಾಳಿ ಎದ್ದಿತು. ಕೊಡೆ ಕಿತ್ತುಕೊಂಡು ಎರಡು ತಿರುವು ಮೇಲೆ ಹೋಯಿತು. ದಂತವೈದ್ಯ ಆಗಿನಿಂದ ಅಜ್ಜಿಯ ಕುರ್ಚಿಯ ನೆರಳಿಗೇ ಅಂಟಿಕೊಂಡ.

ಅವನ ಬಾಯಿಗೆ ಬಿಡುವಿರಲಿಲ್ಲ. “ರಸ್ತೆ ನೋಡಿ, ಬೆಣ್ಣೆ. ಕಂಪನಿಯವರ ಬೆಟ್ಟ. ವರ್ಷದಲ್ಲಿ ಇವತ್ತೊಂದು ದಿನ ಬಿಟ್ಟರೆ ನರಪಿಳ್ಳೆಗೂ ಗೇಟು ತೆರೆಯಲ್ಲ. ಅದೂ ಇದೇ ಕೊನೆ. ಮುಂದಿನ ವರ್ಷದಿಂದ ಓಟದ ದಾರಿ ಬದಲಾಯ್ತಂತೆ, ಪೇಪರಲ್ಲಿ ಬಂದಿದೆ.”

ಟೈಲರ್ ಬುತ್ತಿಯ ಗಂಟು ಬಿಚ್ಚುತ್ತಿದ್ದ. ಕೈ ನಿಂತಿತು.

“ಇದೇ ಕೊನೆಯಾ ಸಾರ್?”

“ಹೂಂರೀ. ಚೆನ್ನಾಗಿ ನೋಡ್ಕೊಂಡುಬಿಡಿ. ಅಂದಹಾಗೆ ನಿಮ್ಮವನು ಯಾರು? ಹಳದಿ ಅಂಗಿಯವನಾ?”

ಟೈಲರಿಗೆ ಒಂದು ಹೆಸರೂ ಗೊತ್ತಿರಲಿಲ್ಲ. ಅವನ ತಾಯಿ ತಿರುಗದೆಯೇ ಹೇಳಿದಳು:

“ಎಲ್ಲರಿಗಿಂತ ಹಿಂದೆ ಬರ್ತಾನಲ್ಲ, ಅವನು.”

“ಪಾಪ, ಅವನಿಗೂ ಒಬ್ಬರಿದ್ದಾರಲ್ಲ,” ಎಂದ ದಂತವೈದ್ಯ, ನಿಜವಾಗಿಯೂ ಕರಗಿ.

ಒಂದೂವರೆಗೆ ಹಗ್ಗ ಕಾಯುವವನು ಬಂದ. ಟಿವಿ ಕ್ಯಾಮೆರಾಕ್ಕೆ ಅಡ್ಡವಾಗುತ್ತದೆ, ಕುರ್ಚಿ ಕೆಳಗಿಳಿಸಿ ಎಂದ. ಟೈಲರ್ ಗಂಟುಗಳನ್ನು ಇಳಿಸಿದ, ಬುತ್ತಿ ಇಳಿಸಿದ, ತಾನೂ ಇಳಿದು ನಿಂತ. “ಅಮ್ಮನ್ನ ಮಾತ್ರ ಬಿಟ್ಟುಬಿಡಿ ಸಾರ್, ಮಂಡಿ ನೋವು,” ಎಂದು ಕೈಮುಗಿದ. ಹಗ್ಗದವನು ಗೊಣಗುತ್ತ ಹೋದ.

ಓಟ ಬಂತು. ಮೊದಲು ಮೋಟರ್‌ಬೈಕುಗಳು, ಆಮೇಲೆ ಮುಂದಿದ್ದ ಸವಾರರು, ಆಮೇಲೆ ಬೆವರಿನ ವಾಸನೆಯ ಒಂದು ದೊಡ್ಡ ಗುಂಪು. ಜನ ಕಿರುಚಿದರು, ಅಕ್ಕಪಕ್ಕ ಓಡಿದರು. ದಂತವೈದ್ಯ ಹಾರಿ ಹಾರಿ ಅಂಗಿಯ ಹೊಲಿಗೆ ಬಿಚ್ಚಿಕೊಂಡ. ಮುದುಕಿ ಮಾತ್ರ ಮಗನನ್ನು ಕೇಳುತ್ತಲೇ ಇದ್ದಳು:

“ಕೊನೆಯವನು ಹೋಗಿಬಿಟ್ನಾ?”

“ಇಲ್ಲಮ್ಮ, ಇನ್ನೂ ಬಂದಿಲ್ಲ.”

“ಬರದಿರಲಿ.”

ನಲವತ್ತು ನಿಮಿಷದ ಮೇಲೆ ಬಂದ. ಒಬ್ಬನೇ. ಮೊಣಕೈಯಿಂದ ರಕ್ತ ಒಣಗಿ ಕಪ್ಪಾಗಿತ್ತು. ಅವನ ಹಿಂದೆಯೇ, ಓಟ ಬಿಟ್ಟವರನ್ನು ತುಂಬಿಕೊಳ್ಳುವ ವ್ಯಾನು ಆಮೆಯಂತೆ ತೆವಳುತ್ತಿತ್ತು. ಏಳನೇ ತಿರುವಿನಲ್ಲಿ ಅವನ ಸೈಕಲ್ ಹೆಚ್ಚು ಕಡಿಮೆ ನಿಂತೇಬಿಟ್ಟಿತು.

“ತಳ್ರೀ,” ಎಂದು ಏದುಸಿರು ಬಿಟ್ಟ ದಂತವೈದ್ಯ. “ಬೆಟ್ಟದಲ್ಲಿ ತಳ್ಳೋದು ಅಭಿಮಾನಿಗಳ ಧರ್ಮ. ನಿಮ್ಮವನೇ ಅಲ್ವಾ?”

ಟೈಲರ್ ಹಗ್ಗದಡಿ ನುಸುಳಿ ಕೈ ಚಾಚಿದ. ಇನ್ನು ಒಂದು ಗೇಣು. ಹಿಂದಿನಿಂದ ತಾಯಿ ಎದ್ದು ಬಂದು ಅವನ ಅಂಗಿ ಹಿಡಿದೆಳೆದಳು.

“ತಳ್ಳಬೇಡ.”

“ಅಮ್ಮ, ಬಿದ್ದುಹೋಗ್ತಾನೆ.”

“ನಿಧಾನಕ್ಕೆ ಹೋಗಲಿ. ಎಷ್ಟು ನಿಧಾನ ಆಗುತ್ತೋ ಅಷ್ಟು.”

ಸವಾರ ಅವಳನ್ನು ನೋಡಿದ. ಬೈಯಲೂ ಅವನಲ್ಲಿ ಉಸಿರಿರಲಿಲ್ಲ. ಪೆಡಲಿನ ಮೇಲೆ ಎದ್ದು ನಿಂತು, ಹಾವಿನಂತೆ ಹೊರಳುತ್ತ ತಿರುವು ದಾಟಿದ. ವ್ಯಾನು ದಾಟಿತು.

ದಂತವೈದ್ಯನ ಮುಖ ಗಂಟಿಕ್ಕಿತ್ತು. “ಎಂಥ ಕಲ್ಲು ಮನಸ್ಸು ಅಜ್ಜಿ ನಿಮ್ಮದು,” ಎಂದ. ಚೀಲ ಹೆಗಲಿಗೇರಿಸಿ, ಹೇಳದೆ ಹೊರಟುಹೋದ.

ಅರ್ಧ ಗಂಟೆಯಲ್ಲಿ ಬೆಟ್ಟ ಬರಿದಾಯಿತು. ಹಗ್ಗ ಸುತ್ತಿದರು, ತಟ್ಟಿಗಳನ್ನು ಲಾರಿಗೆ ಎಸೆದರು. ಕೊನೆಯ ಬಸ್ಸು ತಿರುವಿನಲ್ಲಿ ಎಂಜಿನ್ ಆರಿಸದೆ ನಿಂತಿತು. ಬೆಳಗಿನ ಕಾವಲುಗಾರ ಇಳಿದು, ಗುಡಿಸಿದ ಜಲ್ಲಿಯನ್ನು ತುಳಿದುಕೊಂಡು ಕುರ್ಚಿಯ ಎದುರಿಗೇ ಬಂದ.

“ಏಳಿ ಅಜ್ಜಿ. ಕೊನೆಯವನೂ ದಾಟಿದ, ಗೇಟು ಹಾಕಬೇಕು.”

ಮುದುಕಿ ಏಳಲು ಕುರ್ಚಿಯ ಕೈ ಹಿಡಿದಳು. ಪ್ರತಿ ವರ್ಷವೂ ಹೀಗೇ ಎದ್ದು ಅವಳಿಗೆ ರೂಢಿಯಾಗಿತ್ತು. ಟೈಲರ್ ಅವಳ ಭುಜದ ಮೇಲೆ ಕೈಯಿಟ್ಟು ಕೂರಿಸಿದ.

“ಏನ್ರೀ, ಕಿವಿ ಕೇಳಲ್ವಾ? ಬಸ್ ಹತ್ತಿ.”

“ಹತ್ತಲ್ಲ ಸಾರ್.”

ಕಾವಲುಗಾರ ವೈರ್‌ಲೆಸ್ಸಿನಲ್ಲಿ ನಾಲ್ಕು ಜನರನ್ನು ಕಳಿಸಿ ಎಂದ. ಕಳಿಸಿದ್ದೇವೆ ಎಂದಿತು ಅದು. ಕೆಳಗಿನ ತಿರುವಿನಲ್ಲಿ ಜೀಪಿನ ಸದ್ದು ಕೇಳತೊಡಗಿತು. ಟೈಲರಿಗೂ ಕೇಳಿಸಿತು. ಮುಂದೆ ಏನಾಗುತ್ತದೆ ಎಂಬುದರಲ್ಲಿ ಅವನಿಗೆ ಅನುಮಾನವಿರಲಿಲ್ಲ.

“ಓಟ ಮುಗೀತಪ್ಪ,” ಎಂದ ಕಾವಲುಗಾರ, ಈಗ ಸ್ವಲ್ಪ ಮೆತ್ತಗೆ. “ಮುದುಕೀನ ಕರ್ಕೊಂಡು ಸುಮ್ನೆ ಮನೆಗೆ ಹೋಗು.”

“ಮನೇಲೇ ಇದ್ದೀವಿ ಸಾರ್. ಈ ತಿರುವು ಅಗಲ ಮಾಡೋಕೆ ಕೆಡವಿದ್ರಲ್ಲ, ಆ ಮನೆ. ನೀವು ನಿಂತಿರೋದು ನಮ್ಮಮ್ಮನ ಅಡುಗೆಮನೇಲಿ. ಬೂಟು ಬಿಚ್ಚಿ.”